ಎದೆಗೆ ಅವಚಿಕೊಂಡ ಮೀನು

ಕಳೆದ ವಾರ ಮಸ್ಕಿಯಲ್ಲಿ ಸಿಂಧನೂರಿನ ಬಸ್ಸಿಗಾಗಿ ಕಾಯುತ್ತ, ದನದ ಮೇವಿನ ಅಂಗಡಿಯೊಂದರ ಮುಂದೆ ನಿಂತಿದ್ದೆ. ಹಿಂದಿನ ದಿನ ಮಳೆಯಾಗಿತ್ತು. ಹೊರಗಿಟ್ಟಿದ್ದ ಶೇಂಗಾ ಹಿಂಡಿಯ ಚೀಲವೊಂದು ತಳದಲ್ಲಿ ನೆನೆದು, ಹುಳಿಯೂ ಎಣ್ಣೆಯೂ ಬೆರೆತ ವಾಸನೆ ಹೊಡೆಯುತ್ತಿತ್ತು. ಅಂಗಡಿಯವನು ಬೈದುಕೊಳ್ಳುತ್ತ ಅದನ್ನು ಒಳಗೆ ಎಳೆಯುತ್ತಿದ್ದ. ಬಸ್ಸು ಬಂತು, ನಿಂತಿತು, ಹೋಯಿತು. ನಾನು ಹತ್ತಲಿಲ್ಲ... ನೆನೆಸಿದ ಹಿಂಡಿಗೆ ತೌಡು ಹಾಕಿ, ಚಿಟಿಕೆ ಇಂಗು ಉದುರಿಸಿ, ಹೂರಣ ಕಟ್ಟುವ ಹಾಗೆ ಸಣ್ಣ ಸಣ್ಣ ಉಂಡೆ ಕಟ್ಟುತ್ತಿದ್ದ ಒಬ್ಬರ ಕೈಯಿಂದ ಇದೇ ವಾಸನೆ ಬರುತ್ತಿತ್ತು.

ಅವರು ತೀರಿಕೊಂಡು ಎರಡು ವರ್ಷದ ಮೇಲಾಯಿತು. ಸತ್ತವರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕು ಎನ್ನುತ್ತಾರೆ. ಬರೆಯಲು ಒಳ್ಳೆಯದು ಬೇಕಾದಷ್ಟಿದೆ. ಆದರೆ ಅಷ್ಟನ್ನೇ ಬರೆದರೆ ನನಗೆ ಅವರನ್ನು ನೆನೆದಂತೆ ಆಗುವುದಿಲ್ಲ.

ಮಸ್ಕಿಯ ಪೇಟೆಯಲ್ಲಿ ಅವರದು ಬಟ್ಟೆ ಅಂಗಡಿ. ಮೂರು ತಲೆಮಾರಿನದು. ಊರಿಗೆಲ್ಲ ಅವರು ಸಾವ್ಕಾರ್ರು. ಹಣೆಯಲ್ಲಿ ವಿಭೂತಿ, ಎದೆಯ ಮೇಲೆ ಬೆಳ್ಳಿಯ ಕರಡಿಗೆಯಲ್ಲಿ ಲಿಂಗ, ಮಾತು ಮೆತ್ತಗೆ. ನಾನು ಹಟ್ಟಿಯ ಚಿನ್ನದ ಗಣಿಯಲ್ಲಿ ಎಲೆಕ್ಟ್ರಿಷಿಯನ್. ಕಂಪನಿಯ ಕ್ವಾರ್ಟರ್ಸಿನಲ್ಲಿ ಮನೆ. ಅಪ್ಪ ಹರೆಯದಲ್ಲಿಯೇ ಬೌದ್ಧ ದೀಕ್ಷೆ ತೆಗೆದುಕೊಂಡವರು. ಅಂಥ ಅಂಗಡಿಯ ಗಾದಿಯ ಮೇಲೆ ಕೂಡುವವರಿಗೂ ನನ್ನಂಥವನಿಗೂ ಬಟ್ಟೆ ಕೊಳ್ಳುವಾಗ ಬಿಟ್ಟರೆ ಮಾತಿಗೆ ಕಾರಣವಿರಲಿಲ್ಲ. ಕಾರಣ ಕಾಲುವೆ ಮೇಲೆ ಸಿಕ್ಕಿತು.

ವಾರದ ರಜೆಯ ದಿನ ನಾನು ಸಿಂಧನೂರು ಕಡೆಯ ಉಪಕಾಲುವೆಯೊಂದಕ್ಕೆ ಮೀನು ಹಿಡಿಯಲು ಹೋಗುತ್ತಿದ್ದೆ. ಒಂದು ದಿನ ಸೇತುವೆಯ ಕೆಳಗೆ, ಜಾಲಿಯ ಮರೆಯಲ್ಲಿ, ಬಿಳಿ ಅಂಗಿಯ ಒಬ್ಬರು ಬೆನ್ನು ತಿರುಗಿಸಿ ನಿಂತಿದ್ದರು. ಪಕ್ಕದಲ್ಲಿ ಬಟ್ಟೆಯ ಥಾನು ಸುತ್ತುವ ಉದ್ದನೆಯ ರಟ್ಟಿನ ಕೊಳವೆ. ಗಾಳದ ಕೋಲನ್ನು ಅದರೊಳಗೆ ಸೇರಿಸಿ, ಗಿರಾಕಿಗೆ ಮಾಲು ಒಯ್ಯುವವರಂತೆ ಊರು ದಾಟಿ ಬಂದಿದ್ದರು. ನೋಡುತ್ತಿದ್ದ ಹಾಗೆ ಅಂಗೈಯಗಲದ ಜಿಲೇಬಿ ಮೀನೊಂದು ಸಿಕ್ಕಿತು. ದಂಡೆಗೆ ಎಳೆದವರು ಜೇಬಿನಿಂದ ಕತ್ತರಿ ತೆಗೆದು ದಾರವನ್ನು ಕತ್ತರಿಸಿಬಿಟ್ಟರು. ಮೀನು ಗಾಳ ಸಮೇತ ನೀರಿಗೆ ಉರುಳಿತು.

ನನಗೆ ಸಿಟ್ಟು ಬಂತು. "ಗಾಳ ಬಾಯಾಗ ಇಟ್ಕೊಂಡು ಅದು ಹೆಂಗ ತಿಂತೈತ್ರಿ ಸಾವ್ಕಾರ್ರ?" ಅಂದೆ.

ಕಳ್ಳತನದಲ್ಲಿ ಸಿಕ್ಕವರ ಹಾಗೆ ಅವರು ತಿರುಗಿದರು. ಆಮೇಲೆ ತಮ್ಮ ಎರಡೂ ಕೈ ನನ್ನ ಮುಂದೆ ಚಾಚಿ ತೋರಿಸಿ, "ಮುಟ್ಟಾಕ ಬರಂಗಿಲ್ಲೋ ತಮ್ಮಾ. ಎದಿಮ್ಯಾಲ ಲಿಂಗ ಐತಿ," ಅಂದರು.

ಅವತ್ತಿನಿಂದ ಅವರು ಹಿಡಿದದ್ದನ್ನು ಬಿಡಿಸುವ ಕೆಲಸ ನನ್ನದಾಯಿತು. ಎಂಟು ವರ್ಷ. ಅವರು ಎಳೆಯುತ್ತಿದ್ದರು, ನಾನು ಒದ್ದೆ ಕೈಯಲ್ಲಿ ಹಿಡಿದು ಗಾಳ ಬಿಡಿಸಿ ತೋರಿಸುತ್ತಿದ್ದೆ, ಅವರು ಒಂದು ಗೇಣು ದೂರ ಬಾಗಿ ಕಣ್ಣು, ರೆಕ್ಕೆ, ಹೊಟ್ಟೆಯ ಬಣ್ಣ ನೋಡುತ್ತಿದ್ದರು. "ಸಾಕು, ಬಿಡು, ದಮ್ಮು ಕಟ್ಟೀತು," ಎನ್ನುತ್ತಿದ್ದರು. ಗಾಳಕ್ಕೆ ಎರೆಹುಳ ಚುಚ್ಚಲು ಬಿಡುತ್ತಿರಲಿಲ್ಲ. ಹಿಂಡಿ ತೌಡಿನ ಉಂಡೆ ಮಾತ್ರ. ನಾನು ಮನೆಗೆ ಒಂದು ಒಯ್ದರೆ ಮುಖ ಅತ್ತ ಮಾಡುತ್ತಿದ್ದರು, ಬೇಡ ಎನ್ನುತ್ತಿರಲಿಲ್ಲ. ಮಸ್ಕಿಯ ಹಳ್ಳದ ಡ್ಯಾಮು, ಲಿಂಗಸೂಗೂರಿನ ಆಚೆ ಕೃಷ್ಣೆಯ ದಂಡೆ, ಎಲ್ಲ ತಿರುಗಿದೆವು. ಕಟ್ಲಾ, ರೋಹು, ಕೊರವ, ಚೇಳುಮೀನು... ಹೊಸದೊಂದು ಸಿಕ್ಕಿತೆಂದರೆ ಅವರಿಗೆ ಹಬ್ಬ. ನಾನು ಅವರನ್ನು ಅಣ್ಣಾ ಅನ್ನತೊಡಗಿದ್ದು ಯಾವಾಗ ಎಂದು ನೆನಪಿಲ್ಲ.

ನೀರಿನ ಹತ್ತಿರ ಅಣ್ಣ, ತಮ್ಮ. ಅಂಗಡಿಗೆ ಹೋದರೆ, "ಬರ್ರಿ, ಏನ್ ತೋರಿಸ್ಲಿ?" ಅದರಲ್ಲಿ ನನಗೇನೂ ಅನಿಸುತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಹಟ್ಟಿಗೆ ನಮ್ಮ ಮನೆಯ ಬಾಗಿಲವರೆಗೆ ಎಷ್ಟೋ ಸಲ ಬಂದರು. ಹೆಂಡತಿ ನೀರು ತಂದರೆ, ಈಗಷ್ಟೇ ಚಾ ಕುಡಿದು ಬಂದೀನವ್ವಾ ಎಂದು ನಗುತ್ತಿದ್ದರು. ಅವರು ಹೋದ ಮೇಲೆ ಆಕೆ ಆ ನೀರನ್ನು ಕರಿಬೇವಿನ ಗಿಡಕ್ಕೆ ಹಾಕುತ್ತ, ನಿಮ್ಮಣ್ಣಾರಿಗೆ ನಾ ಹೆಸರಿಟ್ಟೀನಿ, ಈಗಷ್ಟೇ ಚಾ ಕುಡದವರು ಅಂತ, ಎನ್ನುತ್ತಿದ್ದಳು. ನಾನು ಆಕೆಯನ್ನು ಗದರಿಸುತ್ತಿದ್ದೆ. ಯಾಕೆ ಗದರಿಸುತ್ತಿದ್ದೆನೋ.

ಪರದೇಶಕ್ಕೆ ಹೋಗುವ ಹುಚ್ಚು ಹಿಡಿಸಿದ್ದು ಫೋನಿನ ವಿಡಿಯೊಗಳು. ಬ್ಯಾಂಕಾಕಿನಿಂದ ಎರಡು ತಾಸು ದೂರದಲ್ಲಿ ಮೀನು ಹಿಡಿಯುವವರಿಗೆಂದೇ ಇಟ್ಟ ದೊಡ್ಡ ಕೆರೆಯಿದೆಯಂತೆ, ದಂಡೆಯ ಮೇಲೆಯೇ ಉಳಿಯಲು ಮನೆಗಳಂತೆ, ಹಿಡಿದ ಮೀನನ್ನು ಜೀವಂತ ಬಿಡಲೇಬೇಕೆಂದು ಅಲ್ಲಿಯ ಕಾನೂನಂತೆ. ಕೊನೆಯ ಮಾತು ಅವರಿಗೆ ತುಂಬ ಹಿಡಿಸಿತು. ಅಂಗಡಿ ಮಗನ ಕೈಗೆ ಬಂದಿತ್ತು, ವಯಸ್ಸು ಅರವತ್ತಾಗಿತ್ತು. "ಒಂದ್ ಸಲ ಹೋಗಿ ಬರೂಣು ತಮ್ಮಾ. ಆಮ್ಯಾಲ ಕೇಳಂಗಿಲ್ಲ," ಅಂದರು. ಮನೆಯಲ್ಲಿ ಅರಿವೆಯ ಪೇಟೆ ನೋಡಲು ವ್ಯಾಪಾರಸ್ಥರು ಕೂಡಿ ಹೊರಟಿದ್ದಾರೆ ಎಂದು ಹೇಳಿದರು. ಅವರ ಮನೆಯಾಕೆ ಒಂದು ಡಬ್ಬಿ ಕಡಕ್ ರೊಟ್ಟಿ, ಅಗಸಿ ಚಟ್ನಿ, ಹುರಿದ ರವೆ ಕಟ್ಟಿಕೊಟ್ಟರು. ನಾವು ಹೈದರಾಬಾದಿನಿಂದ ವಿಮಾನ ಹತ್ತಿದೆವು. ಇಬ್ಬರಿಗೂ ಮೊದಲ ಸಲ. ವಿಮಾನ ಏಳುವಾಗ ಅವರು ಕರಡಿಗೆ ಹಿಡಿದುಕೊಂಡರು, ನಾನು ಅವರ ಮೊಣಕೈ ಹಿಡಿದುಕೊಂಡೆ.

ಆರು ದಿನ. ಅಂಥ ಆರು ದಿನ ನನ್ನ ಬದುಕಿನಲ್ಲಿ ಇನ್ನೊಮ್ಮೆ ಬಂದಿಲ್ಲ.

ಎಲ್ಲಿ ನೋಡಿದರೂ ಬುದ್ಧ. ರಸ್ತೆಯಲ್ಲಿ, ಅಂಗಡಿಯಲ್ಲಿ, ನಮ್ಮ ಟ್ಯಾಕ್ಸಿಯಲ್ಲಿ. ನಾನು ಕಂಡಲ್ಲೆಲ್ಲ ಕೈಮುಗಿಯುತ್ತಿದ್ದೆ. ಅಣ್ಣ ನಕ್ಕು, "ಇದು ನಿಮ್ಮದಾ ರಾಜ್ಯ ಬಿಡು. ಇಲ್ಲಿ ನಾನಾ ಪರದೇಶಿ," ಅಂದರು. ಒಂದೇ ಕೋಣೆಯಲ್ಲಿ ಇದ್ದೆವು. ಮುಂಜಾನೆ ಅವರ ಲಿಂಗಪೂಜೆ ಮುಗಿಯುವವರೆಗೆ ನಾನು ಹೊರಗಿನ ಕಟ್ಟೆಯ ಮೇಲೆ ಕೂಡುತ್ತಿದ್ದೆ. ಆಮೇಲೆ ಅಲ್ಲಿಯ ಒಲೆಯ ಮೇಲೆ ಉಪ್ಪಿಟ್ಟು ಮಾಡುತ್ತಿದ್ದೆ, ಅವರು ಉಣ್ಣುತ್ತಿದ್ದರು. ಮೊದಲನೆಯ ದಿನ ತಟ್ಟೆ ಮುಂದಿಟ್ಟು ನಾನು ಸ್ವಲ್ಪ ಹೊತ್ತು ನಿಂತೇ ಇದ್ದೆ. ಅವರು ಒಂದು ತುತ್ತು ಬಾಯಿಗಿಟ್ಟು, ಉಪ್ಪು ಕಡಿಮೆಯಾಗಿದೆ ಎಂದರು. ಅಷ್ಟೇ. ಏಳು ವರ್ಷದ ನೀರಿನ ಲೋಟಗಳನ್ನು ನಾನು ಆ ಒಂದು ಮಾತಿಗೆ ಮರೆತುಬಿಟ್ಟೆ. ಇಷ್ಟು ಅಗ್ಗಕ್ಕೆ ಮರೆತೆನಲ್ಲ ಎಂದು ಈಗ ಅನಿಸುತ್ತದೆ.

ಕೆರೆಯ ಮೇಲೆ ನಮಗೊಬ್ಬ ಗೈಡ್ ಇದ್ದ. ಅವನಿಗೂ ನಮಗೂ ಕೈಸನ್ನೆಯೇ ಭಾಷೆ. ಅವನು ಕೋಳಿಯ ತುಣುಕು ಗಾಳಕ್ಕೆ ಚುಚ್ಚಲು ಹೋದರೆ ಅಣ್ಣ ಕೋಲು ಕಸಿದುಕೊಂಡರು. ಅವನು ಇನ್ನೊಂದು ಬಕೆಟ್ ತೆರೆದು ತೋರಿಸಿದ. ತೌಡು! ಅಣ್ಣ ಮೂಸಿ ನೋಡಿ, "ಲೇ ತಮ್ಮಾ, ಇದು ನಮ್ಮ ಸಿಂಧನೂರ ಮಿಲ್ಲಿನ ಮಾಲೋ," ಎಂದು ಆ ಗೈಡನ ಬೆನ್ನು ತಟ್ಟಿದರು. ಅದಕ್ಕೆ ಕಡಕ್ ರೊಟ್ಟಿಯನ್ನು ಪುಡಿಮಾಡಿ ಸೇರಿಸಿ, ಇಂಗು ಹಾಕಿ ಕಲಸಿದರು. ಮೂಗು ಮುಚ್ಚಿಕೊಂಡಿದ್ದ ಗೈಡ್ ಮಧ್ಯಾಹ್ನದ ಹೊತ್ತಿಗೆ ಪಕ್ಕದ ದಂಡೆಯ ಬಿಳಿಯರಿಗೂ ಒಂದು ಮುದ್ದೆ ಒಯ್ದು ಕೊಟ್ಟ.

ಸಿಕ್ಕವನ್ನು ಏನೆಂದು ಹೇಳಲಿ. ಮನುಷ್ಯರ ಹಲ್ಲಿನಂಥ ಹಲ್ಲಿದ್ದ ಕಪ್ಪು ಮೀನು. ಹಣೆ ಉಬ್ಬಿದ್ದು. ಮೈಮೇಲೆ ಉದ್ದಕ್ಕೆ ಪಟ್ಟೆ ಎಳೆದದ್ದು. ರೂಪಾಯಿ ನಾಣ್ಯಕ್ಕಿಂತ ದೊಡ್ಡ ಹುರುಪೆಯದ್ದು, ಬಾಲ ಕೆಂಪಗೆ. ಪ್ರತಿಯೊಂದಕ್ಕೂ ಗೈಡ್ ಒಂದು ಹೆಸರು ಹೇಳುತ್ತಿದ್ದ, ನಮ್ಮ ನಾಲಿಗೆಗೆ ಅದು ಸಿಗುತ್ತಿರಲಿಲ್ಲ, ಅಣ್ಣ ತಮಗೆ ತೋಚಿದ ಹೆಸರಿಡುತ್ತಿದ್ದರು. ಹಲ್ಲಿನದಕ್ಕೆ ತಮ್ಮ ಬೀಗರ ಹೆಸರು. ಮೂರನೆಯ ದಿನ ಭಾರಿ ಜಗ್ಗಿದ್ದೊಂದನ್ನು ಎಳೆದು ತಂದು ನೋಡಿದರೆ ರೋಹು! "ಇಷ್ಟ್ ದೂರ ಬಂದ್ರೂ ನಮ್ಮೂರವ್ರು ಗಂಟುಬೀಳೂದು ಬಿಡಂಗಿಲ್ಲ ನೋಡು," ಎಂದು ಕುಳಿತುಕೊಂಡು ನಕ್ಕರು. ಐದನೆಯ ಸಂಜೆಗೆ ಹದಿನೆಂಟು ನಮೂನೆಯಾಗಿತ್ತು. ಎಲ್ಲವನ್ನೂ ಬಿಡಿಸಿದ್ದು ನಾನು.

ಹತ್ತೊಂಬತ್ತನೆಯದು ಆರನೆಯ ದಿನ ಮುಂಜಾನೆ ಸಿಕ್ಕಿತು. ಅದು ಜಗ್ಗಲಿಲ್ಲ, ಹೊರಟಿತು. ಅಣ್ಣ ಮುಕ್ಕಾಲು ತಾಸು ಅದರೊಂದಿಗೆ ದಂಡೆಯ ಉದ್ದಕ್ಕೂ ನಡೆದರು. ಅಂಗಿ ಬೆವರಿಗೆ ಅಂಟಿಕೊಂಡಿತ್ತು, ಬಿಚ್ಚಿ ಎಸೆದರು. ಮೇಲೆ ಬಂದಾಗ ನೋಡಿದರೆ ಹುರುಪೆಯೇ ಇಲ್ಲದ, ಬೂದಿ ಬಣ್ಣದ, ಎಮ್ಮೆಕರುವಿನಂಥ ಮೀನು. ಇಷ್ಟು ದೊಡ್ಡದನ್ನು ನೀರಿನಿಂದ ಮೇಲೆತ್ತುವ ಹಾಗಿಲ್ಲ, ಹಿಡಿದವರೇ ನೀರಿಗಿಳಿದು ತೋಳಲ್ಲಿ ಹಿಡಿಯಬೇಕೆಂದು ಗೈಡ್ ಸನ್ನೆ ಮಾಡಿದ. ಎಂದಿನಂತೆ ನಾನು ಪ್ಯಾಂಟು ಮಡಚಿ ಇಳಿದೆ. ನನ್ನ ಫೋನು ಗೈಡನ ಕೈಯಲ್ಲಿತ್ತು, ಅವನು ವಿಡಿಯೊ ಮಾಡುತ್ತಿದ್ದ. ನಾನು ಮೀನಿನ ಹೊಟ್ಟೆಯ ಕೆಳಗೆ ಕೈ ಹಾಕುವಷ್ಟರಲ್ಲಿ ಹಿಂದೆ ನೀರಿನ ಸಪ್ಪಳ ಕೇಳಿಸಿತು.

"ಸರಿ ತಮ್ಮಾ. ಕೊಡು ಇಲ್ಲಿ, ನಾನಾ ಹಿಡೀತೀನಿ."

ನಾನು ಅವರ ಎದೆಯ ಕಡೆ ನೋಡಿದೆ. ಬನಿಯನ್ನಿನ ಮೇಲೆ ಕರಡಿಗೆ ತೂಗುತ್ತಿತ್ತು. "ಅಣ್ಣಾ, ಲಿಂಗ..." ಅಂದೆ.

"ಕೊಡಂದ್ರ ಕೊಡು," ಅಂದರು.

ಸರಿದು ನಿಂತೆ. ಅವರು ಎರಡೂ ತೋಳು ಅದರ ಕೆಳಗೆ ಹಾಕಿ ಎದೆಗೆ ಅವಚಿಕೊಂಡರು. ಮೀನು ಒಮ್ಮೆ ಕೊಸರಿತು, ಆಮೇಲೆ ಸುಮ್ಮನಾಯಿತು. ಅವರು ಕಣ್ಣು ಮುಚ್ಚಿದರು. "ತಣ್ಣಗ ಐತಿ... ಜೀವ ಬಡಿಯಾಕತ್ತೈತಿ ತಮ್ಮಾ ಇದರದು," ಅಂದರು. ಗೈಡ್ ಫೋಟೊ ತೆಗೆದ. ಬಿಟ್ಟ ಮೇಲೂ ಬಹಳ ಹೊತ್ತು ಸೊಂಟಮಟ್ಟದ ನೀರಿನಲ್ಲಿ ನಿಂತೇ ಇದ್ದರು. ಅವತ್ತು ಎರಡನೆಯ ಸಲ ಸ್ನಾನ ಮಾಡಿ, ಎರಡನೆಯ ಸಲ ಪೂಜೆ ಮಾಡಿದರು. ಮುಖ ತಿಳಿಯಾಗಿತ್ತು. ಫೋಟೊ, ವಿಡಿಯೊ ನಿನ್ನ ಹತ್ತಿರವೇ ಇರಲಿ ಎಂದಷ್ಟೇ ಹೇಳಿದರು.

ಮಸ್ಕಿಗೆ ಬಂದ ಮೇಲೆ ಪೇಟೆಯವರು ಅವರನ್ನು ಚೇಷ್ಟೆ ಮಾಡಿದರು. ಬ್ಯಾಂಕಾಕಿಗೆ ಗಂಡಸರು ಯಾತಕ್ಕೆ ಹೋಗುತ್ತಾರೆ ಎಂಬುದು ಎಲ್ಲರಿಗೂ ಗೊತ್ತೆಂಬ ನಗೆ. ನಾನು ಅಂಗಡಿಯಲ್ಲಿದ್ದಾಗಲೇ ಪಕ್ಕದ ಕಿರಾಣಿಯವನು, "ಬೆನ್ನು ನೋವು ಹೋತನ್ರಿ ಸಾವ್ಕಾರ್ರ? ಚೆಂದಗ ತಿಕ್ಕಿದ್ರನು?" ಎಂದು ಕೇಳಿದ. ಅಣ್ಣ ಗಾದಿಯ ಮೇಲಿಂದ, "ಬೆನ್ನೂ ಹೋತು, ಮೊಣಕಾಲೂ ಹೋತು," ಎಂದು ನಕ್ಕುಬಿಟ್ಟರು. ಆ ಮಾತು ಮನೆಗೂ ಮುಟ್ಟಿತ್ತಂತೆ. ಮನೆಯಾಕೆ ಎರಡು ದಿನ ಮಾತು ಬಿಟ್ಟು, ಮೂರನೆಯ ದಿನ ಸರಿಯಾದರಂತೆ. ಇಲ್ಲದ ಹೆಣ್ಣಿನ ಮೈಲಿಗೆಯನ್ನು ಆ ಮನೆ ಅಷ್ಟು ಸಲೀಸಾಗಿ ನುಂಗಿಕೊಂಡಿತು.

ತಪ್ಪು ನನ್ನಿಂದಲೇ ಆಯಿತು. ವರ್ಷ ತುಂಬಿದ ದಿನ ಫೋನೇ ಆ ಫೋಟೊವನ್ನು ತಾನಾಗಿ ಎತ್ತಿ ತೋರಿಸಿತು. ಮನಸ್ಸು ಉಕ್ಕಿತು. ನಮ್ಮ ಅಣ್ಣಾರು ಎಂದು ಬರೆದು ವಾಟ್ಸಾಪಿನ ಸ್ಟೇಟಸ್ಸಿಗೆ ಹಾಕಿದೆ. ನನ್ನ ಫೋನಿನಲ್ಲಿ ಇರುವವರು ಗಣಿಯವರು, ನೆಂಟರು. ಅಣ್ಣ ನೋಡಿದರೆ ಖುಷಿಪಡುತ್ತಾರೆ ಎಂದುಕೊಂಡೆ. ಅಂಗಡಿಯ ನಂಬರೂ ಅದರಲ್ಲಿತ್ತು, ಆ ಫೋನು ಮಗನ ಕೈಯಲ್ಲಿರುತ್ತಿತ್ತು ಎಂಬುದು ಹೊಳೆಯಲಿಲ್ಲ.

ಮರುದಿನ ಮಧ್ಯಾಹ್ನ ಮಗನೇ ಫೋನು ಮಾಡಿ ಕರೆದ. ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಥಾನುಗಳ ನಡುವೆ ಜಮಖಾನೆ ಹಾಸಿತ್ತು. ಅಣ್ಣ, ಮಗ, ಅವರ ಮನೆತನದ ಗುರುಗಳಾದ ಅಯ್ಯನವರು ಕುಳಿತಿದ್ದರು. ಮನೆಯಾಕೆ ಬಾಗಿಲ ಹಿಂದೆ ನಿಂತಿದ್ದರು, ಸೆರಗು ಕಾಣುತ್ತಿತ್ತು. ನನಗೆ ಬಾಗಿಲ ಬಳಿ ಸ್ಟೂಲು ಹಾಕಿದ್ದರು. ಜಮಖಾನೆಯ ಮೇಲೆ ಫೋನು, ಫೋನಿನಲ್ಲಿ ಅದೇ ಫೋಟೊ. ಮೀನಿನ ಬೂದಿ ಮೈಗೆ ಒತ್ತಿಕೊಂಡ ಬೆಳ್ಳಿಯ ಕರಡಿಗೆ ಎಷ್ಟು ನಿಚ್ಚಳ ಕಾಣುತ್ತಿತ್ತು ಎಂಬುದನ್ನು ನಾನು ಆಗಲೇ ನೋಡಿದ್ದು.

ಅಯ್ಯನವರು ಸಿಟ್ಟಿನವರಲ್ಲ. ಮೆತ್ತಗೇ ಕೇಳಿದರು. "ತಾವಾಗೇ ಹಿಡಕೊಂಡ್ರೇನು?"

ಅಣ್ಣ ಎದುರಿನ ಥಾನಿನ ಅಂಚನ್ನು ಬೆರಳಿನಿಂದ ಸರಿಮಾಡುತ್ತಿದ್ದರು. ತಲೆ ಎತ್ತದೆ, "ನಾ ಒಲ್ಲೆ ಅಂದೆ. ಅವನಾ ತಂದು ಎದಿಮ್ಯಾಲ ಒಗದಾ," ಅಂದರು.

"ಹೌದೇನಪಾ?" ಎಂದು ಅಯ್ಯನವರು ನನ್ನ ಕಡೆ ತಿರುಗಿದರು.

ವಿಡಿಯೊ ನನ್ನ ಜೇಬಿನಲ್ಲಿತ್ತು. ತೆಗೆದು ಒತ್ತಿದ್ದರೆ ಅವರದೇ ದನಿ ಮಾಳಿಗೆಯ ತುಂಬ ಕೇಳಿಸುತ್ತಿತ್ತು. ನಾನು ಅವರ ಮುಖವನ್ನೇ ನೋಡುತ್ತ ಕುಳಿತೆ. ಒಮ್ಮೆ ಕಣ್ಣೆತ್ತಿ ನೋಡಲಿ, ಸಾಕು. ಸುಳ್ಳು ಹೇಳಿದೆ, ಏನೂ ಮಾಡಲಾಗಲಿಲ್ಲ ಎಂದು ಕಣ್ಣಲ್ಲೇ ಹೇಳಲಿ, ನಾನು ಆ ಸುಳ್ಳನ್ನು ಹೊತ್ತುಕೊಳ್ಳುತ್ತೇನೆ... ಅವರು ನೋಡಲಿಲ್ಲ. ನನ್ನ ಸುಮ್ಮನಿರುವಿಕೆಯೇ ಉತ್ತರವಾಯಿತು. ಮಗ, "ನಿಮಗ ಅದರಾಗ ಏನೈತ್ರಿ. ನಿಮ್ಮ ಮನ್ಯಾಗ ದಿನಾ ಇರೂದು. ಇನ್ನ ಈ ಕಡಿ ಬರಬ್ಯಾಡ್ರಿ," ಅಂದ. ಎಂಟು ವರ್ಷ ನನ್ನ ಕೈಯಿಂದ ಮೀನು ಬಿಡಿಸಿಕೊಂಡವರು ಅದಕ್ಕೂ ತುಟಿ ಬಿಚ್ಚಲಿಲ್ಲ. ನಾನು ಮೆಟ್ಟಿಲಿಳಿದು ಬಂದೆ. ಮುಂದಿನ ಸೋಮವಾರ ಅವರಿಗೆ ಹೊಸ ಲಿಂಗ ಕಟ್ಟಿದರೆಂದು ಕೇಳಿದೆ.

ಆಮೇಲೆ ಒಂದೇ ಒಂದು ಸಲ ಸಿಕ್ಕರು, ಸಿಂಧನೂರಿನ ಬಸ್ ನಿಲ್ದಾಣದಲ್ಲಿ. ಸೊರಗಿದ್ದರು. ಮಗ ಪಕ್ಕದಲ್ಲಿರಲಿಲ್ಲ, ಯಾರೂ ಇರಲಿಲ್ಲ. ನಾನು ಎದುರಿಗೇ ಹೋಗಿ ನಿಂತೆ. ಅವರು ಒಂದು ಗಳಿಗೆ ನೋಡಿ, "ಆರಾಮದೀರೇನ್ರಿ?" ಅಂದರು. "ಆರಾಮದೀನ್ರಿ," ಅಂದೆ. ಅವರು ಬಸ್ಸಿನ ಬೋರ್ಡಿನ ಕಡೆ ತಿರುಗಿದರು. ಮಾಳಿಗೆಯ ಮೇಲಿನ ಮಾತನ್ನು ಮಂದಿಗೆ ಹೆದರಿ ಹೇಳಿದರು ಎಂದು ಅಲ್ಲಿಯವರೆಗೆ ಸಮಾಧಾನ ಮಾಡಿಕೊಂಡಿದ್ದೆ. ಇಲ್ಲಿ ಹೆದರಲು ಯಾರಿದ್ದರು?

ಸತ್ತ ಸುದ್ದಿಯನ್ನು ಯಾರೂ ಹೇಳಲಿಲ್ಲ. ಬಸ್ಸಿನಲ್ಲಿ ಮಸ್ಕಿ ದಾಟುವಾಗ ವೃತ್ತದಲ್ಲಿ ಕಟ್ಟಿದ ಫ್ಲೆಕ್ಸಿನಲ್ಲಿ ಅವರ ಮುಖ ಕಂಡಿತು. ಕೆಳಗೆ ಭಾವಪೂರ್ಣ ಶ್ರದ್ಧಾಂಜಲಿ. ಮಣ್ಣು ಕೊಟ್ಟು ಮೂರು ದಿನವಾಗಿತ್ತು. ನನಗೆ ಅಳು ಬರಲಿಲ್ಲ. ಹಟ್ಟಿಯಲ್ಲಿ ಇಳಿದು ಎರಡನೆಯ ಪಾಳಿಗೆ ಹೋದೆ.

ಈ ವರ್ಷ ಬೇಸಿಗೆಯಲ್ಲಿ ಲಿಂಗಸೂಗೂರಿನ ಒಂದು ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿ ಕುಳಿತಿದ್ದೆ. ಅದೇ ಬೆಂಚಿನ ಆ ತುದಿಯಲ್ಲಿ ಅವರ ಮನೆಯಾಕೆ ಇದ್ದರು. ಸೊಸೆ ಔಷಧಿಗೆ ಹೋಗಿದ್ದಳು. ಅವರೇ ಗುರುತು ಹಿಡಿದರು. ನನ್ನ ಮನೆ, ಮಕ್ಕಳು ಎಂದು ಏನೂ ಕೇಳಲಿಲ್ಲ. ಸೆರಗು ಸರಿಮಾಡಿಕೊಂಡು ನೇರವಾಗಿ ಕೇಳಿದರು.

"ಒಂದ್ ಮಾತು ಖರೇ ಹೇಳಪಾ. ಅದನ್ನ ನೀ ಒಗದ್ಯೋ, ಅವರಾಗೇ ತಗೊಂಡ್ರೋ?"

ನಾನು ಕೈಯಲ್ಲಿದ್ದ ಚೀಟಿಯನ್ನು ಮಡಚಿದೆ.

"ಅವ್ರನ್ನ ಮಣ್ಣಾಗ ಕುಂದರಿಸಿದಾಗಿಂದ ನನಗ ಇದಾ ಚಿಂತಿ. ಎದಿಮ್ಯಾಲಿನ ಶಿವಗ ಅವರಾಗೇ ಹಂಗ ಮಾಡಿದ್ರ, ಅವ್ರಿಗೆ ಅಲ್ಲಿ ಜಾಗಾ ಎಲ್ಲಿ ಸಿಗತೈತಿ? ಅಂಗೈ ಮ್ಯಾಲ ಲಿಂಗ ಇಟ್ಕೊಂಡು ಕುಂತ್ರ ದಿನಾ ಇದಾ ಕಣ್ಮುಂದ ಬರತೈತಿ."

ಆ ಮಾಳಿಗೆಯಲ್ಲಿ ಕೈಬಿಟ್ಟ ಅವಕಾಶ ಈಗ ಮತ್ತೆ ಸಿಕ್ಕಿತ್ತು. ಜೇಬಿನಲ್ಲಿ ಫೋನಿತ್ತು. ಕೇಳುತ್ತಿದ್ದವರು ಆ ಮನೆಯವರೇ. ಐದು ವರ್ಷದಿಂದ ಒಳಗೊಳಗೇ ಅಂದುಕೊಂಡು ಅಂದುಕೊಂಡು ಸವೆದಿದ್ದ ಮಾತು ನಾಲಿಗೆಯ ಮೇಲೇ ಇತ್ತು. ಆಕೆ ನನ್ನ ಮುಖವನ್ನೇ ನೋಡುತ್ತಿದ್ದರು.

"ನಾನಾ ಒಗದೆನ್ರಿ ಅಕ್ಕಾರ."

"ಅವ್ರು ಒಲ್ಲೆ ಅಂದ್ರನು?"

"ಅಂದ್ರರಿ. ಎರಡ್ ಸಲ ಅಂದ್ರು."

ಆಕೆ ಉಸಿರು ಬಿಟ್ಟರು. ಎದೆಯ ಮೇಲೆ ಕೈ ಇಟ್ಟುಕೊಂಡು ಕಣ್ಣು ಮುಚ್ಚಿದರು. ಆಮೇಲೆ ನನ್ನ ಕಡೆ ತಿರುಗಿ, ಬೈಗುಳದ ದನಿಯೂ ಅಲ್ಲದ ದನಿಯಲ್ಲಿ, "ಯಾಕ ಹಂಗ ಮಾಡಿದ್ಯೋ ಹಾಳಾದವನ... ಅವ್ರು ನಿನಗ ಏನ್ ಮಾಡಿದ್ರು?" ಅಂದರು. ಸೊಸೆ ಬಂದಳು. ಅವರು ಎದ್ದು ಬೇರೆ ಬೆಂಚಿಗೆ ಹೋಗಿ ಕುಳಿತರು.

ಇದನ್ನು ನಾನು ದೊಡ್ಡತನಕ್ಕೆ ಮಾಡಿದೆ ಎಂದು ಯಾರೂ ತಿಳಿಯಬಾರದು. ನನಗೆ ಅವರ ಮೇಲಿನ ಸಿಟ್ಟು ಹೋಗಿಲ್ಲ. ಆ ಮಾತನ್ನು ಅವರು ಹೇಳಬೇಕಿತ್ತು. ಅವರು ಹೇಳದ್ದನ್ನು ಆ ಹೆಣ್ಣುಮಗಳಿಗೆ ಫೋನಿನಲ್ಲಿ ತೋರಿಸಿ ನಾನು ಏನು ಗೆಲ್ಲಬೇಕಿತ್ತು? ಆಕೆಯ ನಿದ್ದೆ ಕೆಡುತ್ತಿತ್ತು, ನನ್ನದು ಬರುತ್ತಿರಲಿಲ್ಲ.

ಹಟ್ಟಿಗೆ ಬಂದವನೇ ಆ ವಿಡಿಯೊ ಅಳಿಸಿದೆ. ಹೇಳಿದ ಮೇಲೆ ಅದು ಯಾರ ಕೈಗಾದರೂ ಸಿಗಬಾರದು ಎಂದು ಫೋಟೊ, ಅದರ ನಕಲು, ಎಲ್ಲ ಹುಡುಕಿ ಅಳಿಸಿದೆ. ಕೆಲಸ ಮುಗಿಸಿದ ಮೇಲೆ ಗೊತ್ತಾಯಿತು, ಅವರ ದನಿ ನನ್ನ ಹತ್ತಿರ ಬೇರೆ ಎಲ್ಲಿಯೂ ಇರಲಿಲ್ಲ. ಫೋನಿನಲ್ಲಿ ಅವರು ಮಾತು ಕಡಿಮೆ, ಸಂದೇಶ ಕಳಿಸಿದವರಲ್ಲ. ಈಗ ಪಾಳಿ ಮುಗಿಸಿ ಬಂದು ಕುಳಿತಾಗ ಆ ದನಿಯನ್ನು ನೆನಪು ಮಾಡಿಕೊಳ್ಳಲು ನೋಡುತ್ತೇನೆ. ಮಾತು ನೆನಪಾಗುತ್ತದೆ. ದನಿ ದಿನದಿಂದ ದಿನಕ್ಕೆ ನನ್ನದೇ ದನಿಯಾಗುತ್ತಿದೆ...